ಬೆಳಗಾದರೆ ಕಂಪ್ಯೂಟರಿಗೆ 2012: ಪದೇ ಪದೇ ಬರುವ ‘ಸಂಪರ್ಕ ಖಾಸಗಿಯಾಗಿಲ್ಲ’ ಸಂದೇಶಕ್ಕೆ ಮನೆಮದ್ದು

ದೊಡ್ಡಮ್ಮನ ಫೋನು ಬರುವುದು ಬೆಳಿಗ್ಗೆ ಎಂಟೂವರೆಗೆ, ತಿಂಡಿಯ ತಟ್ಟೆ ಎತ್ತಿಟ್ಟ ಮೇಲೆ. “ತಮಾ, ಇವತ್ತೂ ಅದೇ ಬೈಂದು ನೋಡು.” ಅದೇ ಅಂದರೆ ಕಂಪ್ಯೂಟರಿನ ಪರದೆ ತುಂಬ ಬಿಳಿ ಪುಟ, ಮೇಲೊಂದು ಕೆಂಪು ತ್ರಿಕೋನ, ಕೆಳಗೆ ‘ನಿಮ್ಮ ಸಂಪರ್ಕವು ಖಾಸಗಿಯಾಗಿಲ್ಲ’ ಎಂಬ ಸಾಲು. ಇಂಗ್ಲಿಷಿನಲ್ಲಿ ಇಟ್ಟುಕೊಂಡವರಿಗೆ ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’. ಚಾಲಿ ಅಡಿಕೆಯ ದರ ನೋಡಹೋದರೂ ಅದೇ, ಪಹಣಿ ತೆಗೆಯಹೋದರೂ ಅದೇ. ಬ್ಯಾಂಕಿನ ಪುಟವಂತೂ ಹೊಸ್ತಿಲನ್ನೇ ದಾಟಿಸುವುದಿಲ್ಲ.

ನಾನಿರುವುದು ಕುಮಟಾದಲ್ಲಿ, ದೊಡ್ಡಮ್ಮನ ಮನೆ ಶಿರಸಿಯಿಂದಲೂ ಆಚೆ. ದೇವಿಮನೆ ಘಟ್ಟ ಹತ್ತುವ ಸೋಮಾರಿತನಕ್ಕೆ ಫೋನಿನಲ್ಲೇ ವೈದ್ಯ ಮಾಡಿದೆ: ರೀಸ್ಟಾರ್ಟ್ ಮಾಡಿ, ಹಿಸ್ಟರಿ ಅಳಿಸಿ, ಕ್ರೋಮ್ ತೆಗೆದು ಮತ್ತೆ ಹಾಕಿ. ಪಕ್ಕದ ಮನೆಯ ಹುಡುಗ ವೈರಸ್ಸು ಅಂದ, ಆ್ಯಂಟಿವೈರಸ್ ಬಂತು. ಪೇಟೆಯಲ್ಲಿ ಯಾರೋ ಫಾರ್ಮ್ಯಾಟ್ ಮಾಡಿಕೊಟ್ಟರು. ದುಡ್ಡೂ ಹೋಯಿತು, ಮೊಮ್ಮಗಳ ನಾಮಕರಣದ ಫೋಟೊಗಳೂ ಹೋದವು. ನಾಲ್ಕನೇ ದಿನ ಎಂಟೂವರೆಗೆ ಮತ್ತೆ ಫೋನು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂತಾರಲ್ಲ, ಮೂರು ವಾರ ನಾವೆಲ್ಲ ಸೇರಿ ಮಾಡಿದ್ದು ಅದನ್ನೇ. ಕೊನೆಗೊಂದು ಭಾನುವಾರ ಘಟ್ಟ ಹತ್ತಿ ಹೋಗಿ ಆ ಕುರ್ಚಿಯಲ್ಲಿ ಕೂತು ನೋಡಿದರೆ, ಪರದೆಯ ಬಲಮೂಲೆಯಲ್ಲಿ ಸಣ್ಣಕ್ಷರದ ತಾರೀಖು: 01-01-2012.

ಆ ಸಂದೇಶ ಬೊಟ್ಟು ಮಾಡುವುದು ವೆಬ್‌ಸೈಟಿನ ಕಡೆಗೆ. ಅದಕ್ಕೇ ಯಾರೂ ಆ ಮೂಲೆಯನ್ನು ನೋಡುವುದಿಲ್ಲ. ನೋಡಿದರೂ ಗಂಟೆ ನೋಡುತ್ತೇವೆ, ಇಸವಿ ನೋಡುವುದಿಲ್ಲ.

ಮೊದಲು ಸಂದೇಶವನ್ನು ಪೂರ್ತಿ ಓದಿ

ದೊಡ್ಡಕ್ಷರದ ಸಾಲನ್ನು ಬಿಡಿ, ಅದು ಎಲ್ಲ ಕಾಯಿಲೆಗೂ ಒಂದೇ. ಅದರ ಕೆಳಗೆ ಬೂದುಬಣ್ಣದಲ್ಲಿ ಇಂಗ್ಲಿಷ್ ದೊಡ್ಡಕ್ಷರಗಳ ಒಂದು ಕೋಡ್ ಇರುತ್ತದೆ. ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ‘ನೆಟ್ ಎರರ್ ಸರ್ಟ್ ಡೇಟ್ ಇನ್‌ವ್ಯಾಲಿಡ್’ ಎಂದಿದ್ದರೆ, ಅಂದರೆ ಆ ಸಾಲಿನಲ್ಲಿ ಎಲ್ಲಾದರೂ ‘ಡೇಟ್’ ಅನ್ನುವ ಪದ ಕಂಡರೆ, ನಿಮ್ಮ ದಾರಿ ಇದೇ. ಫೈರ್‌ಫಾಕ್ಸ್‌ನಲ್ಲಿ ‘ಎಕ್ಸ್‌ಪೈರ್ಡ್ ಸರ್ಟಿಫಿಕೇಟ್’ ಅಥವಾ ‘ನಾಟ್ ಯೆಟ್ ವ್ಯಾಲಿಡ್’ ಎಂಬ ಮಾತು ಕೋಡ್‌ನಲ್ಲಿ ಸಿಗುತ್ತದೆ. ಕೆಲವೊಮ್ಮೆ ಕ್ರೋಮ್ ಇನ್ನಷ್ಟು ನೇರವಾಗಿ ‘ನಿಮ್ಮ ಗಡಿಯಾರ ಹಿಂದಿದೆ’ ಎಂದೇ ಹೇಳಿಬಿಡುತ್ತದೆ. ಅದು ಅದೃಷ್ಟ. ‘ಅಥಾರಿಟಿ’ ಅಥವಾ ‘ಕಾಮನ್ ನೇಮ್’ ಎಂದಿದ್ದರೆ ಕತೆ ಬೇರೆ, ಕೊನೆಯಲ್ಲಿ ಹೇಳಿದ್ದೇನೆ.

ಇನ್ನೊಂದು ಸಣ್ಣ ಪರೀಕ್ಷೆ. ಅದೇ ವೈಫೈ ಹಿಡಿದ ಮೊಬೈಲಿನಲ್ಲಿ ಅದೇ ಪುಟ ತೆರೆಯಿರಿ. ಅಲ್ಲಿ ಸಲೀಸಾಗಿ ತೆರೆದುಕೊಂಡರೆ ತಪ್ಪು ಕಂಪ್ಯೂಟರಿನದು. ಮೊಬೈಲಿನಲ್ಲೂ ಅದೇ ಎರರ್, ಅದೂ ಆ ಒಂದೇ ಸೈಟಿಗೆ ಅಂದರೆ ಆ ಸೈಟಿನವರು ತಮ್ಮ ಪ್ರಮಾಣಪತ್ರ (ಸೈಟಿನ ಗುರುತಿನ ಚೀಟಿ ಅನ್ನಿ) ನವೀಕರಿಸಲು ಮರೆತಿದ್ದಾರೆ. ನಾವು ಮಾಡುವಂಥದ್ದು ಏನಿಲ್ಲ, ಒಂದೆರಡು ದಿನ ಬಿಟ್ಟು ನೋಡುವುದು.

ಎಚ್ಚರಿಕೆಯ ಮಾತೊಂದು ಇಲ್ಲೇ ಹೇಳಬೇಕು. ಈ ಪುಟದಲ್ಲಿ ‘ಅಡ್ವಾನ್ಸ್ಡ್’ ಒತ್ತಿದರೆ ‘ಪ್ರೊಸೀಡ್’ ಎಂಬ ಕಳ್ಳದಾರಿ ಸಿಗುತ್ತದೆ. ದರ ನೋಡುವ ಪುಟಕ್ಕೆ ಹಾಗೆ ನುಗ್ಗಿದರೂ ನಡೆದೀತು, ಆದರೆ ಪಾಸ್‌ವರ್ಡ್ ಹಾಕುವ ಯಾವ ಪುಟಕ್ಕೂ ಹಾಗೆ ಹೋಗಬೇಡಿ. ಬಹಳಷ್ಟು ಬ್ಯಾಂಕುಗಳ ಪುಟದಲ್ಲಿ ಆ ದಾರಿಯನ್ನೇ ಮುಚ್ಚಿರುತ್ತಾರೆ. ಮತ್ತೆ, ಬ್ರೌಸರಿನ ಅಸಲಿ ಎರರ್ ಪುಟದಲ್ಲಿ ಫೋನ್ ನಂಬರ್ ಇರುವುದಿಲ್ಲ. ‘ಈ ಸಂಖ್ಯೆಗೆ ಕರೆ ಮಾಡಿ, ನಾವು ಸರಿಮಾಡುತ್ತೇವೆ’ ಎಂದು ಕಿರುಚುವ ಪುಟ ಬಂದರೆ ಅದು ಮೋಸ. ಅಂಥವರಿಗೆ ದುಡ್ಡು ಕೊಟ್ಟು ಕೈಸುಟ್ಟುಕೊಂಡಿದ್ದರೆ ಹೊತ್ತು ಕಳೆಯದೆ 1930ಕ್ಕೆ ಕರೆ ಮಾಡಿ.

ತಾರೀಖಿಗೂ ಸಂಪರ್ಕಕ್ಕೂ ಏನು ಸಂಬಂಧ?

ಹೈಸ್ಕೂಲು ಮಕ್ಕಳ ಬಸ್ ಪಾಸ್ ನೆನಪಿಸಿಕೊಳ್ಳಿ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ. ವೆಬ್‌ಸೈಟಿನ ಹತ್ತಿರವೂ ಅಂಥದೇ ಪ್ರಮಾಣಪತ್ರ ಇರುತ್ತದೆ. ಬ್ರೌಸರ್ ಅದನ್ನು ನೋಡಿ, ಇವತ್ತಿನ ತಾರೀಖು ಆ ಎರಡು ದಿನಗಳ ಮಧ್ಯೆ ಇದ್ದರೆ ಮಾತ್ರ ಒಳಗೆ ಬಿಡುತ್ತದೆ. ಈಗ ಪಾಸು ಸರಿಯಿದೆ, ಹುಡುಗನೂ ಸರಿಯಿದ್ದಾನೆ, ಕಂಡಕ್ಟರನ ಕೈಯಲ್ಲಿರುವ ಕ್ಯಾಲೆಂಡರೇ 2012ರದ್ದು ಅಂದುಕೊಳ್ಳಿ. ಅವನ ಲೆಕ್ಕದಲ್ಲಿ ಆ ಪಾಸು ಇನ್ನೂ ಹುಟ್ಟಿಯೇ ಇಲ್ಲ. ಸೀಟಿ ಊದಿ ಇಳಿಸುತ್ತಾನೆ. ಒಂದು ಸೈಟಿಗಲ್ಲ, ಹೆಚ್ಚುಕಡಿಮೆ ಎಲ್ಲ ಸೈಟಿಗೂ ಎರರ್ ಬರುವುದು ಇದಕ್ಕೇ.

ಹಿಂದೆ ಈ ಪ್ರಮಾಣಪತ್ರಗಳು ಎರಡು ಮೂರು ವರ್ಷ ಬಾಳುತ್ತಿದ್ದವು. 2020ರ ಸೆಪ್ಟೆಂಬರಿನಿಂದ ಹೆಚ್ಚೆಂದರೆ 398 ದಿನ ಎಂದಾಯಿತು. 2026ರ ಮಾರ್ಚಿನಿಂದ 200 ದಿನ, 2029ರ ಮಾರ್ಚಿನಿಂದ 47 ದಿನ ಎಂದು ನಿಯಮ ಆಗಿದೆ. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಮೊದಲಿನಿಂದಲೂ ಕೊಡುತ್ತ ಬಂದದ್ದು 90 ದಿನದ್ದು. ಹಾಗಾಗಿ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಬೇಕೆಂದೇನಿಲ್ಲ, ಒಂದೆರಡು ತಿಂಗಳು ತಪ್ಪಿದರೂ ಈಗ ಬಾಗಿಲು ಮುಚ್ಚುತ್ತದೆ.

ಇವತ್ತಿನ ಕೆಲಸ ನಡೆಯಲಿ: ತಾರೀಖು ತಿದ್ದುವುದು

ವಿಂಡೋಸ್ 10 ಅಥವಾ 11 ಆದರೆ ಬಲಮೂಲೆಯ ಗಡಿಯಾರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಅಡ್ಜಸ್ಟ್ ಡೇಟ್ ಆ್ಯಂಡ್ ಟೈಮ್’ ಆರಿಸಿ. ಅಲ್ಲಿ ಮೊದಲು ‘ಸೆಟ್ ಟೈಮ್ ಆಟೋಮ್ಯಾಟಿಕಲಿ’ ಎಂಬುದನ್ನು ಆಫ್ ಮಾಡಿ. ಆಫ್ ಮಾಡದಿದ್ದರೆ ಕೆಳಗಿನ ‘ಚೇಂಜ್’ ಗುಂಡಿ ಕೆಲಸ ಮಾಡುವುದಿಲ್ಲ. ‘ಚೇಂಜ್’ ಒತ್ತಿ ದಿನ, ತಿಂಗಳು, ಇಸವಿ, ಗಂಟೆ ಎಲ್ಲವನ್ನೂ ಮೊಬೈಲು ನೋಡಿ ತುಂಬಿ. ಎಎಮ್, ಪಿಎಮ್ ಕಡೆ ಒಮ್ಮೆ ಕಣ್ಣಾಡಿಸಿ. ಟೈಮ್ ಝೋನ್ ಪಟ್ಟಿಯಲ್ಲಿ ಯುಟಿಸಿ ಪ್ಲಸ್ 5:30, ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದಿರಬೇಕು. ಇಷ್ಟಾದ ಮೇಲೆ ‘ಆಟೋಮ್ಯಾಟಿಕಲಿ’ ಮತ್ತೆ ಆನ್ ಮಾಡಿ, ‘ಸಿಂಕ್ ನೌ’ (ಇಂಟರ್ನೆಟ್ಟಿನ ಗಡಿಯಾರಕ್ಕೆ ಹೊಂದಿಸುವ ಗುಂಡಿ) ಒತ್ತಿ. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ.

“ಆಟೋಮ್ಯಾಟಿಕ್ ಆನ್ ಇತ್ತಲ್ಲ, ತನ್ನಷ್ಟಕ್ಕೇ ಯಾಕೆ ಸರಿಯಾಗಲಿಲ್ಲ?” ಇದನ್ನು ಕೇಳದವರಿಲ್ಲ, ನಾನೂ ಕೇಳಿದವನೇ. ವಿಂಡೋಸ್ ಇಂಟರ್ನೆಟ್ಟಿನ ಗಡಿಯಾರವನ್ನು ಕುರುಡಾಗಿ ನಂಬುವುದಿಲ್ಲ. ಮನೆಯಲ್ಲಿ ಬಳಸುವ ಕಂಪ್ಯೂಟರಿನಲ್ಲಿ ಅದರ ಮಿತಿ ಸಾಮಾನ್ಯವಾಗಿ 54,000 ಸೆಕೆಂಡು, ಅಂದರೆ 15 ಗಂಟೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಕಂಡರೆ ಇದರಲ್ಲೇನೋ ಗೋಲ್‌ಮಾಲ್ ಇದೆ ಎಂದು ತಿದ್ದದೆ ಬಿಡುತ್ತದೆ. ಹತ್ತು ನಿಮಿಷ ತಪ್ಪಿದ ಗಡಿಯಾರ ತಾನೇ ಸರಿಹೋಗುತ್ತದೆ, ಹತ್ತು ವರ್ಷ ತಪ್ಪಿದ್ದಕ್ಕೆ ಮೊದಲು ನಿಮ್ಮ ಕೈ ಬೇಕು. ಇದಲ್ಲದೆ ನಮ್ಮ ಕಡೆ ಇನ್ನೊಂದು ತಾಪತ್ರಯ. ರಾತ್ರಿಯಿಡೀ ಕರೆಂಟಿಲ್ಲದೆ ಬೆಳಗಾದ ದಿನ ಇಂಟರ್ನೆಟ್ಟೂ ಇರುವುದಿಲ್ಲ. ಸಿಂಕ್ ಆಗಲು ಆ ಕಡೆ ಯಾರಾದರೂ ಬೇಕಲ್ಲ.

ವಿಂಡೋಸ್ 7 ಇಟ್ಟುಕೊಂಡವರು ಗಡಿಯಾರ ಒತ್ತಿ ‘ಚೇಂಜ್ ಡೇಟ್ ಆ್ಯಂಡ್ ಟೈಮ್ ಸೆಟ್ಟಿಂಗ್ಸ್’ಗೆ ಹೋಗಿ. ಸಿಂಕ್ ಇರುವುದು ‘ಇಂಟರ್ನೆಟ್ ಟೈಮ್’ ಎಂಬ ಟ್ಯಾಬಿನಲ್ಲಿ.

ಈಗ ಪುಟ ತೆರೆಯುತ್ತದೆ. ಇಲ್ಲಿಗೇ ಕೈತೊಳೆದುಕೊಂಡರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಹಾಡು.

ಎಷ್ಟು ತಪ್ಪಿದೆ ಅನ್ನುವುದೇ ರೋಗ ಹೇಳುತ್ತದೆ

ನಾಳೆ ಕಂಪ್ಯೂಟರ್ ಹಾಕಿದ ಕೂಡಲೇ, ಏನನ್ನೂ ತಿದ್ದುವ ಮೊದಲು, ಅದರ ತಾರೀಖು ಗಂಟೆ ಮತ್ತು ಮೊಬೈಲಿನ ತಾರೀಖು ಗಂಟೆ ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಯಾವುದೋ ಹಳೆಯ ವರ್ಷದ ಜನವರಿ 1ಕ್ಕೆ ಹೋಗಿ ನಿಂತಿದ್ದರೆ ಮದರ್‌ಬೋರ್ಡಿನ, ಅಂದರೆ ಕಂಪ್ಯೂಟರಿನೊಳಗಿನ ಮುಖ್ಯ ಹಲಗೆಯ, ಗಡಿಯಾರ ನಡೆಸುವ ಗುಂಡಿ ಸೆಲ್ ಸತ್ತಿದೆ. ಆ ವರ್ಷ ಸಾಮಾನ್ಯವಾಗಿ ಬೋರ್ಡು ತಯಾರಾದ ಆಸುಪಾಸಿನದ್ದು. ದೊಡ್ಡಮ್ಮನದು 2012 ತೋರಿಸಿದ್ದು ಅದಕ್ಕೇ. ನಿನ್ನೆ ಆರಿಸಿದ ಗಂಟೆಯಲ್ಲೇ ನಿಂತು ಅಲ್ಲಿಂದ ಮುಂದುವರಿದಿದ್ದರೂ ಸೆಲ್ಲಿನ ಮೇಲೆಯೇ ಗುಮಾನಿ.

ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಸೆಲ್ಲಿಗೆ ಕೈ ಹಾಕಬೇಡಿ. ಆ ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆ ಉಬುಂಟುವಿನಂಥ ಲಿನಕ್ಸ್ ಕೂಡ ಇರಬೇಕು. ಲಿನಕ್ಸ್ ಒಳಗಿನ ಗಡಿಯಾರದಲ್ಲಿ ಗ್ರೀನ್‌ವಿಚ್ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಇಬ್ಬರ ಜಗಳ ಅಷ್ಟೇ. ಲಿನಕ್ಸಿನ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಗಡಿಯಾರವನ್ನು ಲೋಕಲ್ ಟೈಮಿಗೆ ಬದಲಿಸಿದರೆ ಮುಗಿಯಿತು.

ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದಿದ್ದರೆ ಟೈಮ್ ಝೋನ್ ಅಮೆರಿಕದ ಪೆಸಿಫಿಕ್ ಟೈಮಿನಲ್ಲಿ ಉಳಿದುಬಿಟ್ಟಿದೆ. ಹೊಸದಾಗಿ ವಿಂಡೋಸ್ ಹಾಕಿದ, ಫಾರ್ಮ್ಯಾಟ್ ಆಗಿ ಬಂದ ಕಂಪ್ಯೂಟರುಗಳಲ್ಲಿ ಇದು ಸಾಮಾನ್ಯ. ಝೋನ್ ಬಿಟ್ಟು ಗಂಟೆ ಮಾತ್ರ ತಿದ್ದಿದರೆ ಮುಂದಿನ ಸಿಂಕ್ ಅದನ್ನು ಮತ್ತೆ ಕೆಡಿಸುತ್ತದೆ. ಬರೀ ಹನ್ನೆರಡು ಗಂಟೆಯ ತಪ್ಪಾದರೆ ಎಎಮ್, ಪಿಎಮ್ ಎಡವಟ್ಟು.

ವರ್ಷವಿಡೀ ಇಲ್ಲದ್ದು ಮಳೆಗಾಲಕ್ಕೇ ಯಾಕೆ?

ಕಂಪ್ಯೂಟರ್ ಆರಿದ ಮೇಲೂ ಅದರೊಳಗೆ ಒಂದು ಪುಟ್ಟ ಗಡಿಯಾರ ಓಡುತ್ತಿರುತ್ತದೆ. ಸೆಕೆಂಡಿಗೆ 32,768 ಸಲ ಮಿಡಿಯುವ ಸ್ಫಟಿಕವೊಂದು ಅದರ ಹೃದಯ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಅದೇ ಒಂದು ಸೆಕೆಂಡು. ಐಬಿಎಮ್ ಕಂಪನಿ 1984ರ ತನ್ನ ಪಿಸಿ ಎಟಿಯಲ್ಲಿ ಸೆಲ್ಲಿನ ಮೇಲೆ ಓಡುವ ಗಡಿಯಾರ ಇಟ್ಟಿತು. ಮನೆಯ ಕಂಪ್ಯೂಟರಿನ ಏರ್ಪಾಡು ಇಂದಿಗೂ ಹೆಚ್ಚು ಬದಲಾಗಿಲ್ಲ.

ಮುಖ್ಯ ಸಂಗತಿ ಏನೆಂದರೆ, ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತು ಈ ಗಡಿಯಾರ ಸೆಲ್ಲನ್ನು ಮುಟ್ಟುವುದೇ ಇಲ್ಲ. ಶಟ್‌ಡೌನ್ ಮಾಡಿದರೂ ಪವರ್ ಸಪ್ಲೈ ಚೂರು ಕರೆಂಟನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ, ಗಡಿಯಾರ ಅದರಲ್ಲೇ ಬದುಕುತ್ತದೆ. ಸೆಲ್ ಸತ್ತು ತಿಂಗಳುಗಳೇ ಆಗಿದ್ದರೂ ಗೊತ್ತಾಗುವುದಿಲ್ಲ. ಈಗ ನಮ್ಮೂರಿನ ದಿನಚರಿ ನೋಡಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದರೆ ಸಾಕು, ಟಿವಿ, ಫ್ರಿಜ್ಜು, ಕಂಪ್ಯೂಟರು ಎಲ್ಲದರ ಪ್ಲಗ್ ಕಿತ್ತಿಡುತ್ತೇವೆ. ಜೂನ್ ಕಳೆದರೆ ಸಿಡಿಲು ಕಮ್ಮಿ, ಆದರೆ ಮರ ಬಿದ್ದು ಕರೆಂಟೇ ಇರುವುದಿಲ್ಲ. ಪ್ಲಗ್ ಕಿತ್ತ ರಾತ್ರಿ ಗಡಿಯಾರ ಸೆಲ್ಲಿನ ಬಾಗಿಲು ತಟ್ಟುತ್ತದೆ, ಒಳಗೆ ಯಾರೂ ಇಲ್ಲ.

ದೊಡ್ಡಮ್ಮ ಇದನ್ನು ಕೇಳಿ “ಹಾಗಾದ್ರೆ ಪ್ಲಗ್ ತೆಗೆಯೂದೇ ಬ್ಯಾಡ್ವ?” ಅಂದಳು. ತೆಗೆಯಲೇಬೇಕು. ಸಿಡಿಲಿಗೆ ಬೋರ್ಡು ಸುಟ್ಟರೆ ಸಾವಿರಗಟ್ಟಲೆ ಖರ್ಚು, ಸೆಲ್ಲಿಗೆ ನೂರು ರೂಪಾಯಿಯೂ ಬೀಳುವುದಿಲ್ಲ. ಪ್ಲಗ್ ಜೊತೆ ಇಂಟರ್ನೆಟ್ಟಿನ ತಂತಿಯನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಅನುಮಾನ ಇದ್ದರೆ ಎರಡು ರಾತ್ರಿಯ ಪರೀಕ್ಷೆ ಮಾಡಿ. ಗುಡುಗಿಲ್ಲದ, ಕರೆಂಟು ಕೈಕೊಡದ ರಾತ್ರಿ ಆರಿಸಿಕೊಳ್ಳಿ. ಮೊದಲ ರಾತ್ರಿ ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ ಆನ್ ಬಿಡಿ. ಎರಡನೇ ರಾತ್ರಿ ಸ್ವಿಚ್ ಆಫ್ ಮಾಡಿ, ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ. ಮೊದಲ ಬೆಳಿಗ್ಗೆ ತಾರೀಖು ಸರಿ, ಎರಡನೇ ಬೆಳಿಗ್ಗೆ ತಪ್ಪು ಅಂದರೆ ಸೆಲ್ ತರಲು ಪೇಟೆಗೆ ಹೊರಡಬಹುದು. ಕಂಪ್ಯೂಟರ್ ಹಾಕುವಾಗ ಕಪ್ಪು ಪರದೆಯಲ್ಲಿ ‘ಸಿಮೋಸ್ ಚೆಕ್‌ಸಮ್ ಎರರ್’ ಎಂದೋ ‘ಪ್ರೆಸ್ ಎಫ್1’ ಎಂದೋ ಬಂದು ನಿಲ್ಲುತ್ತಿದ್ದರೆ ಪರೀಕ್ಷೆಯೂ ಬೇಡ.

ಸೆಲ್ ತರುವುದು

ಅಂಗಡಿಯಲ್ಲಿ ‘ಸಿಆರ್ 2032’ ಎಂದೇ ಕೇಳಿ. ಗಡಿಯಾರ ರಿಪೇರಿಯವರ ಹತ್ತಿರ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಆ ಸಂಖ್ಯೆ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ‘ಇದೂ ನಡೀತದೆ’ ಎಂದು 2025 ಕೊಟ್ಟರೆ ತರಬೇಡಿ. ಅಗಲ ಅಷ್ಟೇ ಇದ್ದರೂ ಅದು 2.5 ಮಿಲಿಮೀಟರ್ ದಪ್ಪ, ಹೋಲ್ಡರಿನಲ್ಲಿ ಸಡಿಲವಾಗುತ್ತದೆ. ಪ್ಯಾಕೆಟಿನ ಮೇಲಿನ ತಾರೀಖು ನೋಡಿ. ಮಲ್ಟಿಮೀಟರ್ ಇದ್ದವರು ಅಳೆದರೆ ಹೊಸದು 3 ವೋಲ್ಟ್ ಅಥವಾ ತುಸು ಮೇಲೆ ತೋರಿಸಬೇಕು. ದೊಡ್ಡಮ್ಮನ ಹಳೆಯದು 1.9 ತೋರಿಸಿತು.

ಎಷ್ಟು ಕಾಲ ಬಾಳುತ್ತದೆ? ಇಂಥ ಸೆಲ್ಲಿನ ಶಕ್ತಿ ಸುಮಾರು 220 ಮಿಲಿ ಆಂಪಿಯರ್ ಅವರ್. ಗಡಿಯಾರ 5 ಮೈಕ್ರೋ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ 44,000 ಗಂಟೆ, ಅಂದರೆ ಹಗಲೂ ರಾತ್ರಿ ಸೆಲ್ಲಿನ ಮೇಲೇ ಓಡಿದರೂ ಐದು ವರ್ಷ. ಹತ್ತು ವರ್ಷದ ಕಂಪ್ಯೂಟರಿನಲ್ಲಿ ಹುಟ್ಟಿದಾಗಿನ ಸೆಲ್ಲೇ ಇದ್ದರೆ ಅದನ್ನು ಬೈಯುವ ಹಾಗಿಲ್ಲ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಪ್ಯಾಕೆಟ್ ಎಲ್ಲಿಡುತ್ತೀರಿ ಅನ್ನುವುದು ತಮಾಷೆಯಲ್ಲ. ನುಂಗಿದ ಗುಂಡಿ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ನುಂಗಿರಬಹುದು ಎಂಬ ಅನುಮಾನ ಬಂದರೂ ಬಾಳೆಹಣ್ಣು ತಿನ್ನಿಸುತ್ತ, ವಾಂತಿ ಮಾಡಿಸುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಬಿಚ್ಚುವುದು, ಹಾಕುವುದು

ಬಿಚ್ಚುವ ಮೊದಲು ಎರಡು ಕೆಲಸ. ಕಂಪ್ಯೂಟರ್ ಹಾಕುವಾಗ ಎಫ್2 ಅಥವಾ ಡಿಲೀಟ್ ಕೀಲಿ ತಟ್ಟುತ್ತ ಹೋದರೆ ಬಯಾಸ್, ಅಂದರೆ ವಿಂಡೋಸ್ ಏಳುವ ಮೊದಲಿನ ಮೂಲ ಸೆಟ್ಟಿಂಗುಗಳು, ತೆರೆಯುತ್ತದೆ. ಅದರ ಒಂದೊಂದು ಪುಟದ ಫೋಟೊ ತೆಗೆದಿಟ್ಟುಕೊಳ್ಳಿ, ಮುಖ್ಯವಾಗಿ ‘ಬೂಟ್’ ಮತ್ತು ‘ಸಾಟಾ ಮೋಡ್’ ಇರುವ ಕಡೆ. ಸೆಲ್ ತೆಗೆದಾಗ ಇವು ಮೂಲಸ್ಥಿತಿಗೆ ಹೋಗಬಹುದು, ಹೋದರೆ ವಿಂಡೋಸ್ ಏಳದೆ ಮೊಂಡು ಹಿಡಿಯಬಹುದು. ಎರಡನೆಯದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಬರೆದಿಟ್ಟುಕೊಳ್ಳಿ. ಬಯಾಸ್ ಬದಲಾದದ್ದು ಕಂಡರೆ ವಿಂಡೋಸ್ ಅದನ್ನು ಕೇಳುವುದುಂಟು.

ಶಟ್‌ಡೌನ್ ಮಾಡಿ ಪ್ಲಗ್ ಕೀಳಿ. ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಇಳಿದುಹೋಗಲಿ. ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ. ಮುಂದಿನಿಂದ ನೋಡಿದರೆ ಎಡಗಡೆಯ ಮುಚ್ಚಳ ತೆಗೆಯಬೇಕಾದದ್ದು, ಅದರ ಎರಡು ಸ್ಕ್ರೂ ಹಿಂಭಾಗದಲ್ಲಿರುತ್ತವೆ. ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿ. ಒಳಗೆ ಕೈ ಹಾಕುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರವಿದ್ಯುತ್ ಇಳಿಯುತ್ತದೆ. ನಮ್ಮ ಆಷಾಢದ ಹಸಿಗಾಳಿಯಲ್ಲಿ ಅದರ ಭಯ ಕಮ್ಮಿಯೇ, ಆದರೂ ಅಭ್ಯಾಸ ಒಳ್ಳೆಯದು.

ಹೊಳೆಯುವ ಗುಂಡನೆಯ ಸೆಲ್ ಹುಡುಕುವುದು ಕಷ್ಟವಲ್ಲ. ಗ್ರಾಫಿಕ್ಸ್ ಕಾರ್ಡು ಇದ್ದರೆ ಅದರಡಿ ಅಡಗಿರಬಹುದು. ತೆಗೆಯುವ ಮೊದಲು ಫೋಟೊ ತೆಗೆಯಿರಿ, ಯಾವ ಮುಖ ಮೇಲಿದೆ ಎಂಬುದು ಆಮೇಲೆ ನೆನಪಿರುವುದಿಲ್ಲ. ಮಲಗಿಸಿಟ್ಟ ಹೋಲ್ಡರಿನಲ್ಲಿ ಸಾಮಾನ್ಯವಾಗಿ ಪ್ಲಸ್ ಗುರುತು, ಅಂದರೆ ಅಕ್ಷರಗಳಿರುವ ಮುಖ, ಮೇಲೆ. ಅಂಚಿನಲ್ಲಿರುವ ಸಣ್ಣ ಲೋಹದ ನಾಲಗೆಯನ್ನು ಉಗುರಿನಿಂದ ಹೊರಕ್ಕೆ ತಳ್ಳಿದರೆ ಸೆಲ್ ತಾನೇ ಮೇಲೆ ಹಾರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಜಾರಿದರೆ ಬೋರ್ಡಿನ ಮೇಲೆ ಗೀರು ಬೀಳುತ್ತದೆ, ಆ ಗೀರಿಗೆ ಮದ್ದಿಲ್ಲ.

ದೊಡ್ಡಮ್ಮನ ಮನೆಯಲ್ಲಿ ಇಲ್ಲಿಗೆ ಕೆಲಸ ಮುಗಿದಿತ್ತು. ಕಾರವಾರದ ಕೋಡಿಬಾಗದಲ್ಲಿರುವ ಅಕ್ಕನ ಮನೆಯಲ್ಲಿ ಇದೇ ಎರರ್‌ಗೆ ಸೆಲ್ ಬದಲಿಸಿದರೂ ಎರಡೇ ವಾರಕ್ಕೆ ಕಾಯಿಲೆ ಮರುಕಳಿಸಿತು. ಟಾರ್ಚ್ ಹಿಡಿದು ನೋಡಿದರೆ ಹೋಲ್ಡರಿನ ತಳದಲ್ಲಿ ಹಸಿರುಗಟ್ಟಿದ ಕಿಲುಬು. ಕಾಳಿ ನದಿ ಸಮುದ್ರ ಸೇರುವ ಜಾಗ, ಕಿಟಕಿ ತೆರೆದರೆ ಉಪ್ಪುಗಾಳಿ. ಗೇಟು, ಗ್ರಿಲ್ಲು, ಸೈಕಲ್ಲು ತಿನ್ನುವ ಗಾಳಿ ಬೆರಳಗಲದ ಹೋಲ್ಡರನ್ನು ಬಿಟ್ಟೀತೇ? ಕರಾವಳಿಯವರು ಹೊಸ ಸೆಲ್ ಹಾಕುವ ಮೊದಲು ಹೋಲ್ಡರಿನ ಎರಡೂ ಲೋಹದ ತುದಿಗಳನ್ನು ನೋಡಲೇಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಉಜ್ಜಿ, ಕಿಲುಬು ಬಿಡದಿದ್ದರೆ ಪೆನ್ಸಿಲ್ ರಬ್ಬರಿನ ಚೂರಿನಿಂದ ತಿಕ್ಕಿ, ಪುಡಿ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ. ನೀರು, ಸೀಮೆಎಣ್ಣೆ, ಕೊಬ್ಬರಿಎಣ್ಣೆ ಯಾವುದೂ ಬೇಡ. ಕೊಬ್ಬರಿಎಣ್ಣೆ ಹಚ್ಚಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ. ಕಂಪ್ಯೂಟರನ್ನು ಕಿಟಕಿಯ ಪಕ್ಕದಿಂದ ಒಳಗೋಡೆಗೆ ಸರಿಸಿ, ಮಳೆಗಾಲದಲ್ಲಿ ದಿನಕ್ಕೊಂದು ಗಂಟೆಯಾದರೂ ಚಾಲೂ ಇಡಿ. ಅದರದೇ ಬಿಸಿಗೆ ಒಳಗಿನ ತೇವ ಆರುತ್ತದೆ.

ಹೊಸ ಸೆಲ್ಲನ್ನು ಅಂಚು ಹಿಡಿದು, ಒಣಬಟ್ಟೆಯಿಂದ ಒಮ್ಮೆ ಒರೆಸಿ, ನಾಲಗೆಯ ಕೆಳಗೆ ಓರೆಯಾಗಿ ತೂರಿಸಿ ಒತ್ತಿ. ‘ಟಕ್’ ಅನ್ನಬೇಕು.

ಲ್ಯಾಪ್‌ಟಾಪ್ ಆದರೆ ನನ್ನ ಸಲಹೆ ಬೇರೆ. ಹಲವುದರಲ್ಲಿ ಸೆಲ್ಲಿಗೆ ಪ್ಲಾಸ್ಟಿಕ್ ಸುತ್ತಿ ಎರಡು ತಂತಿಯ ಕನೆಕ್ಟರ್ ಬೆಸೆದಿರುತ್ತಾರೆ. ಇತ್ತೀಚಿನ ಕೆಲವದರಲ್ಲಿ ಬೇರೆ ಸೆಲ್ಲೇ ಇಲ್ಲ, ದೊಡ್ಡ ಬ್ಯಾಟರಿಯೇ ಗಡಿಯಾರವನ್ನೂ ಸಾಕುತ್ತದೆ. ಅಲ್ಲಿ ದೊಡ್ಡ ಬ್ಯಾಟರಿ ಸತ್ತರೆ ಗಡಿಯಾರವೂ ತಪ್ಪುತ್ತದೆ. ಕೈಪಳಗಿದವರ ಹತ್ತಿರ ಒಯ್ಯಿರಿ, ಆದರೆ “ಸೆಲ್ ನೋಡಿ, ಫಾರ್ಮ್ಯಾಟ್ ಬೇಡ” ಎಂದು ಬಾಯಿಬಿಟ್ಟು ಹೇಳಿ.

ಮುಚ್ಚಳ ಹಾಕಿದ ಮೇಲೆ

ಮೊದಲ ಸಲ ಹಾಕಿದಾಗ ಬಯಾಸ್ ತಾನೇ ತೆರೆಯಬಹುದು, ಇಲ್ಲದಿದ್ದರೆ ಎಫ್2 ಅಥವಾ ಡಿಲೀಟ್. ಅಲ್ಲಿ ತಾರೀಖು ಹಾಕುವಾಗ ಬಹಳ ಜನ ಎಡವುತ್ತಾರೆ. ಹೆಚ್ಚಿನ ಬಯಾಸ್‌ಗಳಲ್ಲಿ ಅಮೆರಿಕದ ಪದ್ಧತಿ, ತಿಂಗಳು ಮೊದಲು, ದಿನ ಆಮೇಲೆ. ಜುಲೈ 8 ಎಂದು ಹಾಕಲು ನಮ್ಮ ರೂಢಿಯಲ್ಲಿ 08/07 ಒತ್ತಿದರೆ ಅದು ಆಗಸ್ಟ್ 7 ಆಗುತ್ತದೆ. ಗಡಿಯಾರ ಒಂದು ತಿಂಗಳು ಮುಂದೆ ಓಡಿ, ಅವಧಿ ಮುಗಿಯುತ್ತ ಬಂದ ಸೈಟುಗಳಿಗೆ ಮಾತ್ರ ಎರರ್ ಬರತೊಡಗುತ್ತದೆ. ಇಂಥ ಅರೆಬರೆ ಕಾಯಿಲೆ ಹಿಡಿಯುವುದು ಇನ್ನೂ ಕಷ್ಟ. ಮೊದಲು ತೆಗೆದ ಫೋಟೊ ನೋಡಿ ಉಳಿದ ಸೆಟ್ಟಿಂಗ್ ಹೊಂದಿಸಿ, ಎಫ್10 ಒತ್ತಿ ಉಳಿಸಿ. ವಿಂಡೋಸ್ ತೆರೆದ ಮೇಲೆ ‘ಸಿಂಕ್ ನೌ’ ಇನ್ನೊಮ್ಮೆ.

ತಾರೀಖು ತಪ್ಪಿದ್ದ ದಿನಗಳಲ್ಲಿ ಉಳಿಸಿದ ಫೈಲುಗಳು ಹಳೆಯ ವರ್ಷದ ಹೆಸರಿನಲ್ಲೇ ಕೂತಿರುತ್ತವೆ. ಕಳೆದುಹೋಯಿತು ಎಂದು ಗಾಬರಿ ಬೀಳಬೇಡಿ, ಪಟ್ಟಿಯ ತೀರಾ ಕೆಳಗೆ ಹುಡುಕಿ.

ತಾರೀಖು ಸರಿ, ಎರರ್ ಮಾತ್ರ ಹೋಗಿಲ್ಲ

ಕೋಡ್‌ನಲ್ಲಿ ‘ಅಥಾರಿಟಿ ಇನ್‌ವ್ಯಾಲಿಡ್’ ಎಂದಿದ್ದು ಎಲ್ಲ ಸೈಟಿಗೂ ಬರುತ್ತಿದ್ದರೆ ಮೊದಲ ಗುಮಾನಿ ಆ್ಯಂಟಿವೈರಸ್ ಮೇಲೆ. ಕೆಲವು ಆ್ಯಂಟಿವೈರಸ್‌ಗಳು ಸುರಕ್ಷಿತ ಪುಟಗಳನ್ನೂ ನಡುವೆ ನಿಂತು ಬಿಚ್ಚಿ ನೋಡುತ್ತವೆ, ಬ್ರೌಸರಿಗೆ ಅದು ಹಿಡಿಸುವುದಿಲ್ಲ. ಅದರ ಸೆಟ್ಟಿಂಗಿನಲ್ಲಿ ‘ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್’ ಆಫ್ ಮಾಡಿ ನೋಡಿ. ಲಾಡ್ಜ್, ರೈಲು ನಿಲ್ದಾಣದಂಥ ಕಡೆಯ ವೈಫೈನಲ್ಲಿ ‘ಅಥಾರಿಟಿ’, ‘ಕಾಮನ್ ನೇಮ್’ ಎರಡೂ ಬರಬಹುದು, ಲಾಗಿನ್ ಮುಗಿಸಿದರೆ ಹೋಗುತ್ತದೆ. ಮನೆಯಲ್ಲಿ ಕೂತಾಗ ಬ್ಯಾಂಕಿನ ಸೈಟಿಗೆ ‘ಕಾಮನ್ ನೇಮ್’ ಎಂದು ಬಂದರೆ ವಿಳಾಸದ ಕಾಗುಣಿತವನ್ನು ಅಕ್ಷರ ಅಕ್ಷರ ಓದಿ. ನಕಲಿ ಸೈಟಿನ ಬಾಗಿಲಲ್ಲಿ ನಿಂತಿರಬಹುದು.

ವಿಂಡೋಸ್ 7ರವರಿಗೆ ಇನ್ನೊಂದು ಕಾರಣ ಇದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲಪತ್ರವೊಂದರ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಪ್‌ಡೇಟ್ ಕಾಣದ ಕಂಪ್ಯೂಟರುಗಳಿಗೆ ಅದರ ಜಾಗಕ್ಕೆ ಬಂದ ಹೊಸದರ ಪರಿಚಯವಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, ಕ್ರೋಮ್ ಅದರಲ್ಲಿ 109ನೇ ಆವೃತ್ತಿಗೇ ನಿಂತಿದೆ. ಇಲ್ಲಿ ಎಷ್ಟು ಸೆಲ್ ಬದಲಿಸಿದರೂ ಉಪಯೋಗವಿಲ್ಲ. ತನ್ನದೇ ಮೂಲಪತ್ರಗಳ ಪಟ್ಟಿ ಇಟ್ಟುಕೊಳ್ಳುವ ಫೈರ್‌ಫಾಕ್ಸ್‌ನ 115ನೇ ಇಎಸ್‌ಆರ್ ಆವೃತ್ತಿ ಹಾಕಿದರೆ ಹಲವು ಪುಟಗಳು ತೆರೆದಾವು. ಆದರೂ ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ನಾನಾದರೆ ಮಾಡುವುದಿಲ್ಲ.

ಮತ್ತೆ ಆ ಹಳೆಯ ಸೆಲ್. ಎರಡೂ ಮುಖಕ್ಕೆ ಸೆಲ್ಲೋಟೇಪ್ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ತೋಟದ ಗೊಬ್ಬರಗುಂಡಿಗೆ ಎಸೆಯಬೇಡಿ. ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ ಸೆಲ್ ಬದಲಿಸಿದ ತಿಂಗಳು, ಇಸವಿ ಬರೆದಿಡಿ. ದೊಡ್ಡಮ್ಮ ಒಳಗೆ ಬೇಡ, ಹೊರಗೇ ಅಂಟಿಸು ಅಂದಳು. ಈಗ ಅದು ಕ್ಯಾಬಿನೆಟ್ಟಿನ ನೆತ್ತಿಯ ಮೇಲಿದೆ, ಸೆಲ್ಲಿನ ತಾರೀಖಿನ ಕೆಳಗೆ ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಖೂ ಸೇರಿಕೊಂಡಿದೆ.